ಮನೆಯವರು ಜೈಲಿನಲ್ಲಿದ್ದಾಗ: ಭೇಟಿ, ಫೋನು, ಪತ್ರ, ದುಡ್ಡು, ವಕೀಲರು, ಯಾವುದಕ್ಕೆ ಎಷ್ಟು?

ಮನೆಯವರೊಬ್ಬರು ಜೈಲು ಸೇರಿದ ಮೊದಲ ವಾರ ಹೊರಗಿರುವವರಿಗೆ ಕೈಕಾಲೇ ಆಡುವುದಿಲ್ಲ. ಮೊದಲು ವಕೀಲರನ್ನು ಹುಡುಕಬೇಕಾ, ಹೋಗಿ ಮುಖ ನೋಡಿ ಬರಬೇಕಾ, ದುಡ್ಡು ಕಟ್ಟಬೇಕಾ, ಬಟ್ಟೆ ಕೊಡಬೇಕಾ, ಮಕ್ಕಳಿಗೆ ಏನು ಹೇಳಬೇಕು, ಕೆಲಸಕ್ಕೆ ಎಷ್ಟು ದಿನ ರಜೆ ಹಾಕಬಹುದು, ಎಲ್ಲವೂ ಒಂದೇ ಹೊತ್ತಿಗೆ ಮೈಮೇಲೆ ಬರುತ್ತವೆ. ಇರುವ ದುಡ್ಡು, ಇರುವ ರಜೆ, ಇರುವ ಶಕ್ತಿ ಎಲ್ಲಕ್ಕೂ ಸಾಲುವುದಿಲ್ಲ. ಹಾಗಾಗಿ ಆಯ್ಕೆ ಮಾಡಲೇಬೇಕಾಗುತ್ತದೆ.

ಮುಂದಿನ ಎಲ್ಲ ಹೋಲಿಕೆಗೂ ನಾನು ಒಂದೇ ಅಳತೆ ಇಟ್ಟುಕೊಂಡಿದ್ದೇನೆ. ಯಾವುದು ದೊಡ್ಡ ಸಹಾಯ ಅಂತ ನೋಡಬೇಡಿ, ಯಾವುದನ್ನು ತಪ್ಪದೆ ನಡೆಸಿಕೊಂಡು ಹೋಗಬಹುದು ಅಂತ ನೋಡಿ. ಒಳಗಿರುವವರ ಹೊತ್ತು ಕಳೆಯುವುದೇ ಕಾಯುವುದರಲ್ಲಿ. ಪ್ರತಿ ವಾರ ಬರ್ತೀನಿ ಅಂತ ಹೇಳಿ ಮೂರನೇ ವಾರ ಹೋಗದೆ ಇದ್ದರೆ, ಅವರು "ಏನೋ ಕೆಲಸ ಬಂದಿರಬೇಕು" ಅಂದುಕೊಳ್ಳುವುದಿಲ್ಲ. ಮನೆಯಲ್ಲಿ ಯಾರಿಗೋ ಏನೋ ಆಗಿದೆ, ಇಲ್ಲ ನನ್ನನ್ನು ಬಿಟ್ಟೇ ಬಿಟ್ಟರು, ಹೀಗೆ ಯೋಚನೆ ಹೋಗುತ್ತದೆ, ಕೇಳಿ ತಿಳಿದುಕೊಳ್ಳೋಣ ಅಂದರೆ ಕೈಯಲ್ಲಿ ಫೋನೂ ಇರುವುದಿಲ್ಲ. ತಿಂಗಳಿಗೊಮ್ಮೆ ಅಂತ ಹೇಳಿ ತಿಂಗಳಿಗೊಮ್ಮೆ ಹೋಗುವುದು ಇದಕ್ಕಿಂತ ಎಷ್ಟೋ ಮೇಲು.

ಇನ್ನೊಂದು ವಿಷಯ. ನಿಯಮಗಳು ದೇಶದಿಂದ ದೇಶಕ್ಕೆ ಮಾತ್ರ ಅಲ್ಲ, ಜೈಲಿನಿಂದ ಜೈಲಿಗೂ ಬೇರೆ. ಆದರೆ ಎಲ್ಲ ಕಡೆಗೂ ಅನ್ವಯಿಸಬೇಕು ಅಂತ ವಿಶ್ವಸಂಸ್ಥೆ ಒಪ್ಪಿಕೊಂಡ ಕನಿಷ್ಠ ಮಟ್ಟವೊಂದು ಇದೆ. 2015ರಲ್ಲಿ ಅದನ್ನು ಹೊಸದಾಗಿ ತಿದ್ದಿ ನೆಲ್ಸನ್ ಮಂಡೇಲಾ ನಿಯಮಗಳು ಅಂತ ಹೆಸರಿಟ್ಟರು. ಇದು ನೇರವಾಗಿ ಕಾನೂನಲ್ಲ, ನಿಮ್ಮ ಊರಿನ ಕಾನೂನೇ ಕೊನೆಯ ಮಾತು. ಆದರೂ ಕಚೇರಿಯಲ್ಲಿ ಅರ್ಜಿ ಬರೆಯುವಾಗ, ವಕೀಲರ ಜೊತೆ ಮಾತಾಡುವಾಗ ಇದು ಕೈಗೆ ಬರುತ್ತದೆ. ಎಲ್ಲಿ ಬೇಕೋ ಅಲ್ಲಿ ಹೇಳುತ್ತಾ ಹೋಗುತ್ತೇನೆ.

ಭೇಟಿ, ವಿಡಿಯೊ, ಫೋನು, ಪತ್ರ

ದುಡ್ಡು, ಸಮಯ ಎರಡೂ ಜಾಸ್ತಿ ಹೋಗುವುದು ಇಲ್ಲೇ, ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಎದುರಾಎದುರು ಭೇಟಿಗೆ ಸಾಟಿ ಇಲ್ಲ. ಮುಖ ನೋಡಿದ ಕೂಡಲೇ ಎಷ್ಟೋ ಗೊತ್ತಾಗುತ್ತದೆ: ತೂಕ ಇಳಿದಿದೆಯಾ, ನಿದ್ದೆ ಮಾಡಿದ್ದಾರಾ, ಕೈ ಮೇಲೆ ಗಾಯ ಇದೆಯಾ, ಮಾತಾಡುವಾಗ ಪಕ್ಕದಲ್ಲಿ ಯಾರನ್ನೋ ನೋಡಿ ಹೆದರುತ್ತಿದ್ದಾರಾ. ಇದು ಫೋನಿನಲ್ಲಿ ಸಿಗುವುದಿಲ್ಲ, ಪತ್ರದಲ್ಲಂತೂ ಇಲ್ಲವೇ ಇಲ್ಲ. ಭೇಟಿಯ ಪರಿಣಾಮ ಬಿಡುಗಡೆ ಆದಮೇಲೂ ಉಳಿಯುವಂತೆ ಕಾಣುತ್ತದೆ. ಅಮೆರಿಕದ ಮಿನೆಸೋಟ ರಾಜ್ಯದ ಜೈಲು ಇಲಾಖೆ 2003ರಿಂದ 2007ರ ನಡುವೆ ಹೊರಬಂದ 16,420 ಜನರನ್ನು ಗಮನಿಸಿ 2011ರಲ್ಲಿ ವರದಿ ಕೊಟ್ಟಿತು. ಯಾರಾದರೂ ನೋಡಲು ಬರುತ್ತಿದ್ದವರು ಮತ್ತೆ ಗಂಭೀರ ಅಪರಾಧದಲ್ಲಿ ಶಿಕ್ಷೆಗೆ ಒಳಗಾಗುವ ಅಪಾಯ ಶೇ. 13ರಷ್ಟು ಕಡಿಮೆ ಇತ್ತು. ಇಂಥವರಿಗೆ ಮೊದಲಿನಿಂದಲೇ ಮನೆಯ ಆಸರೆ ಚೆನ್ನಾಗಿತ್ತು ಅನ್ನುವುದೂ ಇದರಲ್ಲಿ ಸೇರಿರಬಹುದು, ಒಪ್ಪುತ್ತೇನೆ. ಆದರೂ ಅಷ್ಟು ದೂರ ಹೋಗಿ ಬಂದಿದ್ದು ವ್ಯರ್ಥ ಆಯ್ತಾ ಅಂತ ಕೇಳುವ ತಾಯಂದಿರಿಗೆ ನಾನು ಈ ಅಂಕಿ ಹೇಳುತ್ತೇನೆ. ವ್ಯರ್ಥ ಅಲ್ಲ.

ಭೇಟಿಯ ಕಷ್ಟವೂ ಸಣ್ಣದಲ್ಲ. ಒಂದು ದಿನದ ಕೂಲಿ ಹೋಗುತ್ತದೆ, ಪ್ರಯಾಣದ ಖರ್ಚು, ಗೇಟಿನಲ್ಲಿ ಗಂಟೆಗಟ್ಟಲೆ ಕಾಯುವುದು, ಕೊನೆಗೆ ಸಿಗುವುದು ಸ್ವಲ್ಪ ಹೊತ್ತು. ತಪಾಸಣೆ ಅನ್ನುವುದು ಕೆಲವರಿಗೆ ಮನಸ್ಸು ಮುರಿಯುವಷ್ಟು ಬೇಸರದ ಸಂಗತಿ. ಮಂಡೇಲಾ ನಿಯಮಗಳ ಪ್ರಕಾರ ಭೇಟಿಗೆ ಬಂದವರ ತಪಾಸಣೆ ಅವರನ್ನು ಅವಮಾನಿಸುವಂತೆ ಇರಬಾರದು, ದೇಹದ ಒಳಭಾಗದ ತಪಾಸಣೆಯನ್ನು ತಪ್ಪಿಸಬೇಕು, ಮಕ್ಕಳ ಮೇಲಂತೂ ಮಾಡಲೇಬಾರದು. ಬೇಡ ಅಂತ ನೀವು ಯಾವಾಗ ಬೇಕಾದರೂ ಹಿಂದೆ ಸರಿಯಬಹುದು, ಆದರೆ ಆಗ ಒಳಗೆ ಬಿಡದೆ ಇರಲೂಬಹುದು.

ಹೋಗುವ ಮುಂಚೆ ಒಂದು ಫೋನ್ ಮಾಡಿ ನಾಲ್ಕು ಮಾತು ಕೇಳಿ. ಇವತ್ತು ಭೇಟಿ ಇದೆಯಾ, ಅವರು ಇನ್ನೂ ಇದೇ ಜೈಲಿನಲ್ಲಿದ್ದಾರಾ, ನನ್ನ ಹೆಸರು ಅವರ ಪಟ್ಟಿಯಲ್ಲಿ ಇದೆಯಾ, ಯಾವ ಗುರುತಿನ ಚೀಟಿ ತರಬೇಕು. ಚೀಟಿಯಲ್ಲಿರುವ ಹೆಸರೂ ಪಟ್ಟಿಯಲ್ಲಿ ಬರೆಸಿದ ಹೆಸರೂ ಅಕ್ಷರಕ್ಕೆ ಅಕ್ಷರ ಒಂದೇ ಇರಲಿ. ಮನೆಯಲ್ಲಿ ಕರೆಯುವ ಹೆಸರು ಒಂದು, ದಾಖಲೆಯಲ್ಲಿ ಇನ್ನೊಂದು ಇದ್ದು ಗೇಟಿನಿಂದಲೇ ವಾಪಸ್ ಬಂದವರು ಬೇಕಾದಷ್ಟು ಜನ.

ವಿಡಿಯೊ ಕರೆ ಭೇಟಿಗೆ ಬದಲಿ ಅಲ್ಲ, ಜೊತೆಗೆ ಇರಬೇಕಾದದ್ದು. ದೂರ ಇರುವವರಿಗೆ, ವಯಸ್ಸಾದವರಿಗೆ, ಹಾಸಿಗೆ ಹಿಡಿದವರಿಗೆ ಇದು ದೊಡ್ಡ ಅನುಕೂಲ. ಮನೆಯೊಳಗೆ ಕೂತು ಮಾತಾಡುವುದರಿಂದ ಒಳಗಿರುವವರಿಗೆ ಮನೆ ಕಾಣುತ್ತದೆ, ಗೋಡೆಗೆ ಹೊಸ ಬಣ್ಣ ಹೊಡೆದಿದ್ದು, ಮಗು ಎಷ್ಟೆತ್ತರ ಆಗಿದೆ ಅನ್ನುವುದು. ಆದರೆ ಕೆಲವು ಕಡೆ ವಿಡಿಯೊ ಶುರುವಾದ ಮೇಲೆ ಎದುರಾಎದುರು ಭೇಟಿಯನ್ನೇ ಕಡಿಮೆ ಮಾಡಿದ್ದಾರೆ. ನಿಮಗೆ ಹೀಗೆ ಹೇಳಿದರೆ ಸುಮ್ನೆ ಒಪ್ಪಿಕೊಳ್ಳಬೇಡಿ. ಎರಡೂ ಬೇಕು ಅಂತ ಲಿಖಿತವಾಗಿ ಕೇಳಿ.

ಫೋನಿನ ಬಲ ಇರುವುದು ಅದರ ವೇಗದಲ್ಲಿ. ಕೋರ್ಟಿನಲ್ಲಿ ಏನಾಯ್ತು, ಅಮ್ಮನ ಆಪರೇಷನ್ ಹೇಗಾಯ್ತು, ಇಂಥದಕ್ಕೆ ಫೋನೇ ಬೇಕು. ಮೊದಲ ಕೆಲವು ದಿನಗಳಲ್ಲಿ, ಮನಸ್ಸು ತೀರಾ ಕುಸಿದಿರುವ ಹೊತ್ತಿನಲ್ಲಿ, ದನಿ ಕೇಳುವುದೇ ಒಂದು ಆಸರೆ. ಜೈಲು ಸೇರಿದ ಆರಂಭದ ದಿನಗಳಲ್ಲೇ ಆತ್ಮಹತ್ಯೆಯ ಅಪಾಯ ಹೆಚ್ಚು, ಇದನ್ನು ಎಲ್ಲ ದೇಶದ ಜೈಲು ವೈದ್ಯರೂ ಬಲ್ಲರು. ಹಾಗಾಗಿ ಮೊದಲ ವಾರಗಳಲ್ಲಿ ಫೋನಿಗೆ ಸ್ವಲ್ಪ ಜಾಸ್ತಿ ಖರ್ಚಾದರೂ ಪರವಾಗಿಲ್ಲ ಅಂತ ನನ್ನ ಅಭಿಪ್ರಾಯ. "ಇನ್ನು ಬದುಕಿ ಏನು ಪ್ರಯೋಜನ" ಅನ್ನುವಂಥ ಮಾತು ಬಂದರೆ ಅವತ್ತೇ ಜೈಲಿಗೆ ಫೋನ್ ಮಾಡಿ, ಅಧಿಕಾರಿಯ ಹೆಸರು, ಹೇಳಿದ ಹೊತ್ತು ಬರೆದಿಟ್ಟುಕೊಳ್ಳಿ, ವಕೀಲರಿಗೂ ತಿಳಿಸಿ. ನಾಳೆ ನೋಡೋಣ ಅನ್ನಬೇಡಿ.

ಕರೆಗಳನ್ನು ಕೇಳಿಸಿಕೊಳ್ಳುತ್ತಿರುತ್ತಾರೆ, ರೆಕಾರ್ಡ್ ಮಾಡುತ್ತಿರುತ್ತಾರೆ ಅಂತಲೇ ಅಂದುಕೊಳ್ಳಿ. ಕೇಸಿನ ಬಗ್ಗೆ ಒಂದು ಮಾತೂ ಬೇಡ. ಅವತ್ತು ನಿಜವಾಗಿ ಏನಾಯ್ತು, ಯಾರು ಸಾಕ್ಷಿ ಹೇಳ್ತಾರೆ, ಇವೆಲ್ಲ ವಕೀಲರ ಹತ್ತಿರ ಮಾತ್ರ. ವಕೀಲರ ಭೇಟಿಯನ್ನು ಸಿಬ್ಬಂದಿ ದೂರದಿಂದ ನೋಡಬಹುದು, ಮಾತು ಕೇಳಿಸಿಕೊಳ್ಳಬಾರದು ಅಂತ ಮಂಡೇಲಾ ನಿಯಮ ಹೇಳುತ್ತದೆ. ಮನೆಯವರ ಮಾತಿಗೆ ಆ ರಕ್ಷಣೆ ಇಲ್ಲ.

ಈಗ ಪತ್ರ. ಜನ ಇದನ್ನು ಹಳೆಯ ಕಾಲದ್ದು ಅಂತ ಕೊನೆಗೆ ತಳ್ಳುತ್ತಾರೆ. ಖರ್ಚಿಗೆ ತಕ್ಕ ಫಲ ಅಂತ ನೋಡಿದರೆ ನಾನು ಇದನ್ನು ಮೊದಲು ಇಡುತ್ತೇನೆ. ಫೋನು ಇಟ್ಟ ಮೇಲೆ ಮಾತು ಮುಗಿಯಿತು, ಪತ್ರ ದಿಂಬಿನ ಕೆಳಗೆ ಇರುತ್ತದೆ, ನಿದ್ದೆ ಬರದ ರಾತ್ರಿ ಮತ್ತೆ ಓದಬಹುದು. ದುಡ್ಡಿಲ್ಲದ ತಿಂಗಳಲ್ಲೂ ಪತ್ರ ನಿಲ್ಲಿಸಬೇಕಾಗಿಲ್ಲ. ಏನು ಬರೆಯಲಿ ಅಂತ ಕೇಳುವವರಿಗೆ ಹೇಳುವುದು ಇಷ್ಟೇ: ದೊಡ್ಡ ಮಾತು ಬೇಡ, ಧೈರ್ಯವಾಗಿರು ಅನ್ನುವ ಬುದ್ಧಿವಾದವೂ ಬೇಡ. ಮನೆಯ ಸಣ್ಣಪುಟ್ಟ ಸುದ್ದಿ ಬರೆಯಿರಿ. ನಲ್ಲಿ ಸೋರುತ್ತಿತ್ತು, ರಿಪೇರಿ ಆಯ್ತು. ಪಕ್ಕದ ಮನೆಯವರ ನಾಯಿ ಮರಿ ಹಾಕಿದೆ. ಚಿಕ್ಕವನಿಗೆ ಹಲ್ಲು ಬಿತ್ತು. ಜೊತೆಗೆ ಒಂದು ಪ್ರಶ್ನೆ ಕೇಳಿ, ಅವರಿಗೆ ಉತ್ತರ ಬರೆಯಲು ಏನಾದರೂ ಇರಲಿ. ಪ್ರತಿ ಪತ್ರದ ಮೇಲೂ ತಾರೀಖು ಹಾಕಿ, ಪಕ್ಕದಲ್ಲೇ ಒಂದು ಸಂಖ್ಯೆ: 1, 2, 3 ಹೀಗೆ. ಅವರಿಗೆ 6 ಸಿಕ್ಕಿದ ಮೇಲೆ ನೇರವಾಗಿ 8 ಬಂದರೆ 7 ಎಲ್ಲೋ ತಡೆದಿದೆ ಅಂತ ಇಬ್ಬರಿಗೂ ಗೊತ್ತಾಗುತ್ತದೆ, ಮನೆಯವರು ಮರೆತರು ಅಂತ ನೊಂದುಕೊಳ್ಳುವುದು ತಪ್ಪುತ್ತದೆ. ಲಕೋಟೆಯ ಮೇಲೆ ಕೈದಿ ಸಂಖ್ಯೆ ಬರೆಯುವುದನ್ನು ಮರೆಯಬೇಡಿ. ಅಂಟಿಸುವ ಸ್ಟಿಕ್ಕರು, ಮಿನುಗು, ಸೆಂಟು ಇದ್ದ ಪತ್ರಗಳನ್ನು ಎಷ್ಟೋ ಕಡೆ ಒಳಗೆ ಬಿಡುವುದಿಲ್ಲ. ಪತ್ರವನ್ನೂ ಓದುತ್ತಾರೆ, ಕೇಸಿನ ಮಾತು ಇಲ್ಲೂ ಬೇಡ.

ಓದಲು ಬರೆಯಲು ಬಾರದವರಾದರೆ? ಮಕ್ಕಳ ಚಿತ್ರ ಕಳಿಸಿ, ಫೋಟೊ ಕಳಿಸಿ. ಒಳಗೆ ಓದಿ ಹೇಳುವ ಜೊತೆಗಾರರು ಇರುತ್ತಾರೆ, ಆದರೆ ಬೇರೆಯವರು ಓದುತ್ತಾರೆ ಅನ್ನುವುದನ್ನು ನೆನಪಿಟ್ಟುಕೊಂಡು ಬರೆಯಬೇಕು.

ನನ್ನನ್ನು ಕೇಳಿದರೆ ಲೆಕ್ಕ ಹೀಗೆ. ಹತ್ತಿರ ಇದ್ದೀರಿ, ಕೈಯಲ್ಲಿ ಸ್ವಲ್ಪ ದುಡ್ಡಿದೆ ಅಂದರೆ ಗೊತ್ತುಮಾಡಿದ ದಿನ ಭೇಟಿ, ನಡುವೆ ಚಿಕ್ಕ ಫೋನು. ದೂರ ಇದ್ದೀರಿ ಅಂದರೆ ವಾರಕ್ಕೊಂದು ಪತ್ರ ಗಟ್ಟಿ, ವಿಡಿಯೊ ಸಿಕ್ಕಿದಾಗ ವಿಡಿಯೊ, ಭೇಟಿ ವರ್ಷಕ್ಕೆ ಕೆಲವೇ ಸಲ ಆದರೂ ಮೊದಲೇ ತಾರೀಖು ಹೇಳಿ ಹೋಗುವುದು. ಜೈಲು ತೀರಾ ದೂರ ಇದ್ದರೆ ಮನೆಗೆ ಹತ್ತಿರದ ಜೈಲಿಗೆ ವರ್ಗ ಕೇಳಿ ಅರ್ಜಿ ಹಾಕಿ, ಸಾಧ್ಯವಾದಷ್ಟೂ ಮನೆಗೆ ಹತ್ತಿರ ಇಡಬೇಕು ಅನ್ನುವುದೂ ಮಂಡೇಲಾ ನಿಯಮಗಳಲ್ಲಿ ಇದೆ. ಶಿಸ್ತು ತಪ್ಪಿದರು ಅಂತ ಮನೆಯವರ ಸಂಪರ್ಕವನ್ನು ಪೂರ್ತಿ ಕಡಿಯುವ ಹಾಗಿಲ್ಲ. ಸುರಕ್ಷತೆಗೆ ನಿಜಕ್ಕೂ ಬೇಕಾದಷ್ಟು, ಸೀಮಿತ ಕಾಲಕ್ಕೆ ಮಾತ್ರ ಕಡಿಮೆ ಮಾಡಬಹುದು. ಭೇಟಿ ನಿಲ್ಲಿಸಿದ್ದೇವೆ ಅಂದರೆ ಎಲ್ಲಿಯವರೆಗೆ, ಯಾವ ಆದೇಶದ ಮೇಲೆ ಅಂತ ಕೇಳುವ ಹಕ್ಕು ನಿಮಗಿದೆ.

ದುಡ್ಡು ಕಟ್ಟುವುದಾ, ಸಾಮಾನು ಕೊಡುವುದಾ

ದುಡ್ಡು ಕೊಟ್ಟರೆ ಅವರಿಗೆ ಏನು ಬೇಕೋ ಅದನ್ನು ಕ್ಯಾಂಟೀನಿನಲ್ಲಿ ತೆಗೆದುಕೊಳ್ಳಬಹುದು, ಸೋಪು, ಪೇಸ್ಟು, ಫೋನಿನ ಖರ್ಚು. ಸಾಮಾನು ಕೊಟ್ಟರೆ ನಿಮಗೆ ತೃಪ್ತಿ, ಆದರೆ ಅರ್ಧಕ್ಕರ್ಧ ಗೇಟಿನಲ್ಲೇ ವಾಪಸ್ ಬರುವುದೂ ಉಂಟು. ಬಟ್ಟೆ, ಕನ್ನಡಕ, ಪುಸ್ತಕ ಇವು ಸಾಮಾನಾಗಿ ಹೋಗುವುದೇ ಒಳ್ಳೆಯದು, ಮಿಕ್ಕಿದ್ದಕ್ಕೆ ದುಡ್ಡು. ಪುಸ್ತಕ ಅಂಗಡಿಯಿಂದಲೇ ನೇರ ಬರಬೇಕು ಅನ್ನುವ ನಿಯಮ ಕೆಲವು ಕಡೆ ಇದೆ, ಮೊದಲೇ ಕೇಳಿಕೊಳ್ಳಿ. ವಿಚಾರಣೆ ಇನ್ನೂ ಮುಗಿಯದವರಿಗೆ ಸ್ವಲ್ಪ ಸಡಿಲಿಕೆ ಇದೆ. ಜೈಲಿನ ಶಿಸ್ತಿಗೆ ಅಡ್ಡಿಯಾಗದಿದ್ದರೆ ಅವರು ತಮ್ಮ ಖರ್ಚಿನಲ್ಲಿ ಹೊರಗಿನ ಊಟ ತರಿಸಿಕೊಳ್ಳಬಹುದು, ಸ್ವಂತ ಬಟ್ಟೆ ಹಾಕಿಕೊಳ್ಳಬಹುದು ಅಂತ ಮಂಡೇಲಾ ನಿಯಮಗಳಲ್ಲಿ ಇದೆ.

ಒಮ್ಮೆಗೇ ದೊಡ್ಡ ಮೊತ್ತ ಕಟ್ಟಬೇಡಿ. ಒಳಗೆ ಯಾರ ಖಾತೆಯಲ್ಲಿ ದುಡ್ಡಿದೆ ಅನ್ನುವುದು ಬೇಗ ಗೊತ್ತಾಗುತ್ತದೆ, ಆಮೇಲೆ ಒತ್ತಡ ಹಾಕಿ ಕಿತ್ತುಕೊಳ್ಳುವವರು ಹುಟ್ಟಿಕೊಳ್ಳುತ್ತಾರೆ. ತಿಂಗಳ ಗೊತ್ತಾದ ತಾರೀಖಿಗೆ ಸಣ್ಣ ಮೊತ್ತ ಸಾಕು. ಕಟ್ಟುವ ಮುಂಚೆ ಅದರಲ್ಲಿ ದಂಡ, ಪರಿಹಾರ ಅಂತ ಏನಾದರೂ ಕಡಿತ ಆಗುತ್ತದಾ ಅಂತ ಕೇಳಿ. ಯಾವಾಗಲೂ ಜೈಲಿನ ಅಧಿಕೃತ ದಾರಿಯಲ್ಲೇ ಕಟ್ಟಿ, ರಸೀದಿ ಇಟ್ಟುಕೊಳ್ಳಿ.

ಇದ್ದಕ್ಕಿದ್ದಂತೆ ಹೊರಗಿನ ಯಾರದೋ ಖಾತೆಗೆ ದುಡ್ಡು ಹಾಕು ಅಂತ ಕರೆ ಬಂದರೆ ಎರಡೇ ಅರ್ಥ. ಒಂದು, ಮೋಸಗಾರರು "ನಿಮ್ಮ ಮಗನಿಗೆ ಹೊಡೀತಿದ್ದಾರೆ, ಈಗಲೇ ಕಳಿಸಿ" ಅಂತ ಹೆದರಿಸುತ್ತಿದ್ದಾರೆ. ಎರಡು, ಒಳಗೆ ನಿಜವಾಗಿ ಸಾಲ ಇಲ್ಲವೇ ಸುಲಿಗೆ ನಡೆಯುತ್ತಿದೆ. ಎರಡರಲ್ಲಿ ಯಾವುದೇ ಆದರೂ ದುಡ್ಡು ಕೊಟ್ಟರೆ ನಿಲ್ಲುವುದಿಲ್ಲ, ಮುಂದಿನ ಸಲ ಇನ್ನೂ ಜಾಸ್ತಿ ಕೇಳುತ್ತಾರೆ. ಕರೆ ಕಟ್ ಮಾಡಿ, ಜೈಲಿನ ಕಚೇರಿ ನಂಬರಿಗೆ ನೀವೇ ಫೋನ್ ಮಾಡಿ ವಿಚಾರಿಸಿ, ವಕೀಲರ ಮೂಲಕ ದೂರು ಕೊಡಿ. ಮಗನಿಗೆ ಪೆಟ್ಟು ಬೀಳುತ್ತಿದೆ ಅಂತ ಕೇಳಿದ ಮೇಲೆ ಸುಮ್ಮನಿರುವುದು ಎಷ್ಟು ಕಷ್ಟ ಅಂತ ಗೊತ್ತು. ಆದರೂ ಅವನಿಗೆ ಬೇಕಾಗಿರುವ ರಕ್ಷಣೆ ಸಿಗುವುದು ದೂರಿನಿಂದಲೇ.

ಸ್ವಂತ ವಕೀಲರಾ, ಉಚಿತ ಕಾನೂನು ನೆರವಾ

ಹೆಚ್ಚಿನ ಮನೆಗಳು ಸಾಲಕ್ಕೆ ಬೀಳುವುದು ಇಲ್ಲಿ. ಆಸ್ತಿ ಅಡವಿಟ್ಟು ದೊಡ್ಡ ಹೆಸರಿನ ವಕೀಲರನ್ನು ಹಿಡಿದರೆ ನಾಳೆಯೇ ಬಿಡಿಸುತ್ತಾರೆ ಅನ್ನುವ ನಂಬಿಕೆ. ಉಚಿತ ಅಂದರೆ ಯಾರೂ ಗಮನ ಕೊಡುವುದಿಲ್ಲ ಅನ್ನುವ ಭಯ. ಎರಡೂ ಪೂರ್ತಿ ನಿಜ ಅಲ್ಲ. ಜೈಲು, ಜಾಮೀನು, ಕ್ರಿಮಿನಲ್ ಕೇಸುಗಳನ್ನೇ ದಿನಾ ನೋಡುವ ನೆರವಿನ ವಕೀಲರಿಗೆ ಆ ಕೋರ್ಟಿನ ಒಳಹೊರಗು ಚೆನ್ನಾಗಿ ಗೊತ್ತಿರುತ್ತದೆ. ಅವರ ತೊಂದರೆ ಏನಂದರೆ ಕೈಯಲ್ಲಿ ಕೇಸು ಜಾಸ್ತಿ, ಸಮಯ ಕಡಿಮೆ. ಸ್ವಂತ ವಕೀಲರಾದರೆ ಫೋನ್ ಎತ್ತುತ್ತಾರೆ, ಆಯ್ಕೆ ನಿಮ್ಮದು, ಇಷ್ಟ ಆಗದಿದ್ದರೆ ಬದಲಿಸಬಹುದು. ಆದರೆ ಶುಲ್ಕ ಕಟ್ಟಲಾಗದೆ ಅರ್ಧಕ್ಕೆ ನಿಂತರೆ ಆ ನಷ್ಟ ಬಹಳ ದೊಡ್ಡದು.

ಹಾಗಾಗಿ ಮೊದಲ ಶುಲ್ಕ ಕಟ್ಟಲು ಆಗುತ್ತದಾ ಅಂತ ಲೆಕ್ಕ ಹಾಕಿದರೆ ಸಾಲದು, ಕೇಸು ಮುಗಿಯುವವರೆಗೆ ಕಟ್ಟಲು ಆಗುತ್ತದಾ ಅಂತ ನೋಡಿ. ಆಗುವುದಿಲ್ಲ ಅನ್ನಿಸಿದರೆ ಮೊದಲ ದಿನದಿಂದಲೇ ಕಾನೂನು ನೆರವು ತೆಗೆದುಕೊಂಡು, ಉಳಿದ ದುಡ್ಡನ್ನು ಜಾಮೀನಿಗೆ, ಮನೆ ಬಾಡಿಗೆಗೆ ಇಟ್ಟುಕೊಳ್ಳುವುದು ಜಾಣತನ. ನೆರವು ಬೇಕು ಅಂತ ಒಳಗಿರುವವರೇ ಕೇಳಬಹುದು, ಮನೆಯವರೂ ವಿಚಾರಿಸಬಹುದು. ಜೈಲು ಸೇರಿದ ಕೂಡಲೇ ಅವರಿಗೆ ನಿಯಮಗಳು, ಹಕ್ಕುಗಳು, ಕಾನೂನು ಸಹಾಯ ಪಡೆಯುವ ದಾರಿ ಎಲ್ಲವನ್ನೂ ಬರಹದಲ್ಲಿ ಕೊಡಬೇಕು ಅಂತ ಮಂಡೇಲಾ ನಿಯಮ ಹೇಳುತ್ತದೆ. ಕೊಟ್ಟಿಲ್ಲ ಅಂದರೆ ಕೇಳಿ.

ಯಾವ ವಕೀಲರಾದರೂ ಸರಿ, ಮೊದಲ ಸಲವೇ ಕೇಳಬೇಕಾದ್ದು: ಇದಕ್ಕೆ ಒಟ್ಟು ಎಷ್ಟು, ಯಾವ ಹಂತಕ್ಕೆ ಎಷ್ಟು, ಕೋರ್ಟಿಗೆ ನೀವೇ ಬರುತ್ತೀರಾ ಜೂನಿಯರ್ ಬರುತ್ತಾರಾ, ಜೈಲಿಗೆ ಹೋಗಿ ಅವರನ್ನು ಭೇಟಿ ಮಾಡುತ್ತೀರಾ. ಕೊಟ್ಟ ದುಡ್ಡಿಗೆ ರಸೀದಿ ಕೇಳಿ. "ಖಂಡಿತ ಬಿಡಿಸ್ತೀನಿ" ಅಂತ ಗ್ಯಾರಂಟಿ ಕೊಡುವವರ ಹತ್ತಿರ ಹೋಗಬೇಡಿ, ತೀರ್ಪು ಕೊಡುವುದು ಜಡ್ಜು, ವಕೀಲರಲ್ಲ. ಇನ್ನೊಂದು ಸೂಕ್ಷ್ಮ: ದುಡ್ಡು ಕಟ್ಟುವುದು ನೀವಾದರೂ ಕಕ್ಷಿದಾರರು ಒಳಗಿರುವವರು. ವಕೀಲರು ಕೆಲವು ವಿಷಯ ನಿಮಗೆ ಹೇಳದೆ ಇದ್ದರೆ ಅದು ಅವರ ಧರ್ಮ, ಅದಕ್ಕೆ ಬೇಜಾರಾಗಬೇಡಿ.

ಮನೆಯಲ್ಲಿ ಒಂದು ನೋಟ್‌ಬುಕ್ ಇಡಿ. ಕೇಸ್ ನಂಬರ್, ಕೈದಿ ಸಂಖ್ಯೆ, ಕೋರ್ಟು, ಮುಂದಿನ ತಾರೀಖು, ಯಾರ ಜೊತೆ ಯಾವಾಗ ಏನು ಮಾತಾಡಿದಿರಿ. ವಕೀಲರು ಬದಲಾದರೂ, ಅಧಿಕಾರಿ ಬದಲಾದರೂ ಈ ನೋಟ್‌ಬುಕ್ ನಿಮ್ಮ ಕೈಯಲ್ಲಿ ಇರುತ್ತದೆ.

ಮಕ್ಕಳಿಗೆ ಹೇಳುವುದಾ, ಮುಚ್ಚಿಡುವುದಾ

"ಅಪ್ಪ ಕೆಲಸಕ್ಕೆ ದೂರ ಹೋಗಿದ್ದಾರೆ" ಅಂತ ಹೇಳುವುದು ಸುಲಭ, ಮೊದಲ ವಾರಕ್ಕೆ ನಡೆದೂ ಹೋಗುತ್ತದೆ. ಆದರೆ ಮಕ್ಕಳಿಗೆ ಶಾಲೆಯಲ್ಲಿ, ರಸ್ತೆಯಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಆಗ ಮಗುವಿಗೆ ಎರಡು ಪೆಟ್ಟು: ಅಪ್ಪ ಜೈಲಿನಲ್ಲಿದ್ದಾರೆ ಅನ್ನುವುದು ಒಂದು, ಅಮ್ಮ ಸುಳ್ಳು ಹೇಳಿದಳು ಅನ್ನುವುದು ಇನ್ನೊಂದು. ಅದಕ್ಕೇ ವಯಸ್ಸಿಗೆ ತಕ್ಕಷ್ಟು ನಿಜ ಹೇಳುವುದೇ ಸರಿ ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ. ಚಿಕ್ಕವರಿಗೆ ಇಷ್ಟು ಸಾಕು: "ಅಪ್ಪ ಒಂದು ನಿಯಮ ಮುರಿದರು ಅಂತ ಹೇಳ್ತಿದ್ದಾರೆ. ಅದಕ್ಕೆ ಈಗ ಜೈಲು ಅನ್ನುವ ಜಾಗದಲ್ಲಿ ಇದ್ದಾರೆ. ಇದರಲ್ಲಿ ನಿಂದೇನೂ ತಪ್ಪಿಲ್ಲ. ಅವರಿಗೆ ನಿನ್ನ ಮೇಲೆ ಪ್ರೀತಿ ಇದೆ." ಯಾವಾಗ ಬರ್ತಾರೆ ಅಂತ ಕೇಳಿದರೆ, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ. ಹಬ್ಬಕ್ಕೆ ಬರ್ತಾರೆ ಅಂತ ಮಾತು ಕೊಡಬೇಡಿ. ನಿನ್ನ ತಪ್ಪಿಲ್ಲ ಅನ್ನುವುದನ್ನು ಮಾತ್ರ ಮತ್ತೆ ಮತ್ತೆ ಹೇಳಬೇಕು, ಮಕ್ಕಳು ತಮ್ಮದೇ ತಪ್ಪು ಅಂದುಕೊಂಡು ಯಾರಿಗೂ ಹೇಳದೆ ಒಳಗೇ ನೋಯುತ್ತಾರೆ.

ಭೇಟಿಗೆ ಕರೆದುಕೊಂಡು ಹೋಗುವುದಾ? ಅದು ಆ ಜೈಲಿನ ಭೇಟಿ ಕೋಣೆ ಹೇಗಿದೆ ಅನ್ನುವುದರ ಮೇಲೆ ನಿಂತಿದೆ. ಮುಟ್ಟಲು, ತೊಡೆ ಮೇಲೆ ಕೂರಲು ಬಿಡುವ ಜಾಗವಾದರೆ ಕರೆದುಕೊಂಡು ಹೋಗಿ. ಗಾಜಿನ ಆಚೆ ಈಚೆ ಕೂತು ಫೋನಿನಲ್ಲಿ ಮಾತಾಡುವ ಜಾಗವಾದರೆ ತೀರಾ ಚಿಕ್ಕ ಮಕ್ಕಳಿಗೆ ಅದು ಅರ್ಥವೇ ಆಗುವುದಿಲ್ಲ, ಅಪ್ಪ ಕಣ್ಣೆದುರೇ ಇದ್ದಾರೆ, ಆದರೆ ಯಾಕೆ ಎತ್ತಿಕೊಳ್ಳುತ್ತಿಲ್ಲ ಅಂತ ಗಾಜು ತಟ್ಟಿ ಅಳುತ್ತಾರೆ. ಅಂಥ ಕಡೆ ಮೊದಲು ನೀವೊಬ್ಬರೇ ಹೋಗಿ ನೋಡಿ ಬನ್ನಿ, ಆಮೇಲೆ ತೀರ್ಮಾನಿಸಿ. ಕರೆದುಕೊಂಡು ಹೋಗುವುದಾದರೆ ಮುಂಚಿನ ದಿನವೇ ಎಲ್ಲ ಹೇಳಿ: ಅಲ್ಲಿ ಬ್ಯಾಗು, ಜೇಬು ನೋಡ್ತಾರೆ, ನಿನ್ನ ಗೊಂಬೆ ಹೊರಗೆ ಇಡಬೇಕು, ತುಂಬಾ ಹೊತ್ತು ಕಾಯಬೇಕು, ಗಂಟೆ ಹೊಡೆದ ಮೇಲೆ ಅಪ್ಪ ಒಳಗೆ ಹೋಗ್ತಾರೆ, ನಾವು ಮನೆಗೆ ಬರ್ತೀವಿ. ವಾಪಸ್ ಬಂದ ಒಂದೆರಡು ದಿನ ಮಗು ಹಟ ಮಾಡಬಹುದು, ರಾತ್ರಿ ಎಚ್ಚರ ಆಗಬಹುದು. ಅದರಿಂದ ಭೇಟಿಯೇ ತಪ್ಪು ಅಂತ ಆಗುವುದಿಲ್ಲ.

ಮಗುವಿಗೆ ತಂದೆತಾಯಿ ಇಬ್ಬರ ಜೊತೆಗೂ ನೇರ ಸಂಪರ್ಕ ಇಟ್ಟುಕೊಳ್ಳುವ ಹಕ್ಕಿದೆ, ಅದರಿಂದ ಮಗುವಿಗೇ ಕೆಡುಕಾಗುವಂತಿದ್ದರೆ ಮಾತ್ರ ಇಲ್ಲ ಅಂತ 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ ಹೇಳುತ್ತದೆ. ತಾಯಿ ಜೈಲಿನಲ್ಲಿದ್ದರೆ ಹೆಣ್ಣು ಕೈದಿಗಳಿಗೆ ಅಂತಲೇ ವಿಶ್ವಸಂಸ್ಥೆ ಮಾಡಿದ 2010ರ ಬ್ಯಾಂಕಾಕ್ ನಿಯಮಗಳೂ ಇವೆ, ಮಕ್ಕಳ ಭೇಟಿ ಒಳ್ಳೆಯ ವಾತಾವರಣದಲ್ಲಿ, ತಾಯಿ ಮಗು ಒಬ್ಬರನ್ನೊಬ್ಬರು ಮುಟ್ಟುವ ಹಾಗೆ ನಡೆಯಬೇಕು ಅಂತ. ಆದರೆ ಒಂದು ಮಾತು. ಆ ವ್ಯಕ್ತಿ ಮಗುವಿಗೋ ನಿಮಗೋ ಹಿಂಸೆ ಕೊಟ್ಟವರಾಗಿದ್ದರೆ ಇಲ್ಲಿ ಬರೆದ ಯಾವುದೂ ನಿಮಗೆ ಕಡ್ಡಾಯ ಅಲ್ಲ. ಹೋಗದೆ ಇರುವುದು ನಿಮ್ಮ ಹಕ್ಕು.

ಔಷಧಿ, ಕಾಗದಪತ್ರ

ಮಾತ್ರೆ ತೆಗೆದುಕೊಂಡು ಗೇಟಿಗೆ ಹೋದರೆ ಸಾಮಾನ್ಯವಾಗಿ ಒಳಗೆ ಬಿಡುವುದಿಲ್ಲ. ಅದರ ಬದಲು ವೈದ್ಯರ ಚೀಟಿ, ಹಳೆಯ ರಿಪೋರ್ಟು, ಯಾವ ಮಾತ್ರೆ ಆಗಿಬರುವುದಿಲ್ಲ ಅನ್ನುವುದು, ಇವನ್ನು ಜೈಲಿನ ವೈದ್ಯರಿಗೆ ತಲುಪಿಸಿ. ಪ್ರತಿ ಇಟ್ಟುಕೊಂಡು ಅದರ ಮೇಲೆ ಸಹಿ ಹಾಕಿಸಿಕೊಳ್ಳಿ. ಸಕ್ಕರೆ ಕಾಯಿಲೆ, ಮೂರ್ಛೆ, ಹೃದಯದ ತೊಂದರೆ, ಮಾನಸಿಕ ಕಾಯಿಲೆ ಇದ್ದರೆ ಇದು ಮೊದಲ ದಿನದ ಕೆಲಸ, ವಕೀಲರಿಗಿಂತ ಮುಂಚೆ.

ಅವರ ಬ್ಯಾಂಕು, ಬಾಡಿಗೆ, ಗಾಡಿ ನೋಡಿಕೊಳ್ಳಲು ಅಧಿಕಾರ ಪತ್ರ ಬೇಕಾಗುತ್ತದೆ. ಎಲ್ಲದಕ್ಕೂ ಒಂದೇ ಸಾಮಾನ್ಯ ಅಧಿಕಾರ ಪತ್ರ ಮಾಡಿಸಿದರೆ ಓಡಾಟ ಕಡಿಮೆ, ಆದರೆ ಅದು ಕೈಯಲ್ಲಿದ್ದವರು ಆಸ್ತಿಯನ್ನೇ ಮಾರುವ ಮಟ್ಟಕ್ಕೂ ಹೋಗಬಹುದು. ಇಂತಿಂಥ ಕೆಲಸಕ್ಕೆ ಮಾತ್ರ ಅಂತ ಬರೆದ ಪತ್ರ ಎಲ್ಲರಿಗೂ ಕ್ಷೇಮ. ಒಳಗಿರುವವರು ಹೆದರಿದ ಹೊತ್ತಿನಲ್ಲಿ ಯಾವುದಕ್ಕೂ ಸಹಿ ಹಾಕಿಬಿಡುತ್ತಾರೆ, ಆ ಹೊತ್ತನ್ನು ಬಳಸಿಕೊಳ್ಳುವ ನೆಂಟರಿಂದ ಹುಷಾರಾಗಿರಿ.

ಒಬ್ಬರೇ ಹೊರುವುದಾ, ಹಂಚಿಕೊಳ್ಳುವುದಾ

ಎಲ್ಲ ಮನೆಯಲ್ಲೂ ಇದು ಒಬ್ಬರ ಹೆಗಲಿಗೆ ಬೀಳುತ್ತದೆ, ಹೆಚ್ಚಾಗಿ ತಾಯಿ, ಇಲ್ಲ ಹೆಂಡತಿ. ಕಚೇರಿ, ವಕೀಲರ ಜೊತೆ ಮಾತಾಡಲು ಒಬ್ಬರೇ ಇರುವುದು ಒಳ್ಳೆಯದು, ಇಲ್ಲದಿದ್ದರೆ ಒಬ್ಬೊಬ್ಬರಿಗೆ ಒಂದೊಂದು ಉತ್ತರ ಸಿಕ್ಕಿ ಗೊಂದಲ. ಆದರೆ ಭೇಟಿ, ಪತ್ರ, ದುಡ್ಡು ಹಂಚಿಕೊಳ್ಳಿ. ಅಣ್ಣ ತಿಂಗಳ ದುಡ್ಡು, ತಂಗಿ ಪತ್ರ, ಹೆಂಡತಿ ಭೇಟಿ, ಗೆಳೆಯನೊಬ್ಬ ಕೋರ್ಟಿನ ದಿನ ಜೊತೆಗೆ ಹೋಗುವುದು, ಹೀಗೆ. ನಾಚಿಕೆಯಿಂದ ಯಾರಿಗೂ ಹೇಳದೆ ಇದ್ದರೆ ಹಂಚಿಕೊಳ್ಳಲು ಯಾರೂ ಸಿಗುವುದಿಲ್ಲ, ಅಲ್ವಾ. ನಂಬಿಕೆಯ ಇಬ್ಬರಿಗಾದರೂ ಹೇಳಿ. ಒಂದು ಸಲ ಹೋಗಲು ಆಗದಷ್ಟು ದಣಿದಿದ್ದರೆ ಹೋಗಬೇಡಿ, ಆದರೆ ಹೋಗುವುದಿಲ್ಲ ಅನ್ನುವ ಸುದ್ದಿಯನ್ನು ಮೊದಲೇ ಒಳಗೆ ಮುಟ್ಟಿಸಿ.

ಬಿಡುಗಡೆಯ ಹೊತ್ತಿಗೆ

ಮನೆಗೆ ಕರೆದುಕೊಂಡು ಬರುವುದಾ, ಮೊದಲು ಬೇರೆ ಕಡೆ ಇರಿಸುವುದಾ ಅನ್ನುವುದನ್ನು ಬಾಗಿಲು ತೆರೆದ ದಿನ ತೀರ್ಮಾನಿಸಲು ಆಗುವುದಿಲ್ಲ. ತಿಂಗಳುಗಳ ಮುಂಚೆಯೇ ಮಾತಾಡಿ. ಷರತ್ತಿನ ಬಿಡುಗಡೆಯಾದರೆ ಎಲ್ಲಿರಬೇಕು, ಯಾರನ್ನು ಭೇಟಿ ಮಾಡಬಾರದು ಅಂತ ಆದೇಶದಲ್ಲೇ ಇರುತ್ತದೆ, ಅದನ್ನು ಓದಿಸಿಕೊಳ್ಳಿ. ದೂರಿದವರು ಅದೇ ಬೀದಿಯಲ್ಲಿದ್ದರೆ, ಇಲ್ಲ ಮನೆಯಲ್ಲೇ ಯಾರಿಗಾದರೂ ಭಯ ಇದ್ದರೆ, ನೆಂಟರ ಮನೆಯೋ ಬೇರೆ ಕೋಣೆಯೋ ಮೇಲು. ಮಿಕ್ಕವರಿಗೆ ಮನೆಯೇ ಸರಿ, ಆದರೆ ಬಂದವರು ಹೋದವರಂತೆಯೇ ಇರುವುದಿಲ್ಲ. ಗದ್ದಲ ಆಗಿಬರುವುದಿಲ್ಲ, ಬಾಗಿಲು ಮುಚ್ಚಿ ಕೂರುತ್ತಾರೆ, ಏನು ಬೇಕು ಅಂತ ಕೇಳಿದರೆ ಹೇಳಲು ಬಾರದೆ ಒದ್ದಾಡುತ್ತಾರೆ. ಸ್ವಲ್ಪ ಕಾಲ ಕೊಡಿ.

ಮಾದಕ ವಸ್ತುಗಳ ಚಟ ಇದ್ದವರ ವಿಷಯದಲ್ಲಿ ಮಾತ್ರ ಕಾಲ ಕೊಡುತ್ತಾ ಕೂರುವ ಹಾಗಿಲ್ಲ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಬಿಡುಗಡೆಯಾದ 30,237 ಜನರ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಹೊರಬಂದ ಮೊದಲ ಎರಡು ವಾರಗಳಲ್ಲಿ ಅವರು ಸಾಯುವ ಅಪಾಯ ಇತರರಿಗಿಂತ 12.7 ಪಟ್ಟು ಇತ್ತು, ಅದಕ್ಕೆ ಮುಖ್ಯ ಕಾರಣ ಡ್ರಗ್ಸ್ ಮಿತಿಮೀರಿದ್ದು. ಒಳಗಿದ್ದಷ್ಟು ದಿನ ದೇಹದ ತಾಳಿಕೆ ಇಳಿದಿರುತ್ತದೆ, ಹೊರಗೆ ಬಂದು ಮೊದಲಿನಷ್ಟೇ ತೆಗೆದುಕೊಂಡರೆ ಉಸಿರೇ ನಿಲ್ಲುತ್ತದೆ. ಆದ್ದರಿಂದ ಬಿಡುಗಡೆಗೆ ಮುಂಚೆಯೇ ಚಟ ಬಿಡಿಸುವ ವೈದ್ಯರ ಹತ್ತಿರ ದಿನ ಗೊತ್ತು ಮಾಡಿಕೊಳ್ಳಿ, ಒಳಗೆ ಕೊಡುತ್ತಿದ್ದ ಔಷಧಿಯ ಚೀಟಿಯನ್ನು ಕೇಳಿ ತೆಗೆದುಕೊಳ್ಳಿ, ಮೊದಲ ಎರಡು ವಾರ ರಾತ್ರಿ ಅವರೊಬ್ಬರನ್ನೇ ಬಿಡಬೇಡಿ. ಯಾರು ಯಾವ ರಾತ್ರಿ ಜೊತೆಗಿರಬೇಕು ಅನ್ನುವುದನ್ನು ಅದೇ ನೋಟ್‌ಬುಕ್ಕಿನಲ್ಲಿ ಈಗಲೇ ಬರೆದಿಡಿ.